ಚಕ್ರ ಕಳಚಿದ್ದು ಕಂಡಿತು, ಇಂಜಿನ್ ಕಾಣಲಿಲ್ಲವೇ?

ನಿನ್ನೆ ರಾತ್ರಿ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಮತ್ತೆ ಅದೇ ವಿಡಿಯೋ ಬಂತು. ರಷ್ಯಾದ ಯಾವುದೋ ಮೈದಾನ. ಧೂಳೆಬ್ಬಿಸುತ್ತಾ ಓಡುವ ಚೀನಾ ಟ್ಯಾಂಕ್. ಓಡುತ್ತಿದ್ದ ಹಾಗೇ ಅದರ ಒಂದು ಚಕ್ರ ಕಳಚಿ ಪಕ್ಕಕ್ಕೆ ಉರುಳುತ್ತದೆ. ತಂಗಿಯ ಮಗ ಕೆಳಗೆ ಬರೆದಿದ್ದ: "ಮಾವ, ಚೀನಾ ಮಾಲು ನೋಡಿ!" ಅದರ ಕೆಳಗೆ ನಗುವ ಮುಖಗಳ ಸಾಲು. ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಗುಂಪಿನಲ್ಲಿ ಬರೆದರೆ ಜಗಳ ಆಗುತ್ತದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ. ಪುರುಸೊತ್ತು ಇದ್ದವರು ಓದಿ.

ಮೊದಲು ಆ ವಿಡಿಯೋದ ವಿಷಯ ಮುಗಿಸಿಬಿಡೋಣ. ಅದು 2016ರ ಟ್ಯಾಂಕ್ ಬಯಾಥ್ಲಾನ್. ಮಾಸ್ಕೋ ಹತ್ತಿರದ ಅಲಬಿನೊದಲ್ಲಿ ನಡೆದ ಸ್ಪರ್ಧೆ. ಟ್ಯಾಂಕಿನ ಹೆಸರು ಟೈಪ್ 96ಬಿ. ಚಕ್ರ ಕಳಚಿದ್ದು ನಿಜ. ಆದರೆ ಆ ವರ್ಷ ಚೀನಾ ತಂಡ ಎರಡನೇ ಸ್ಥಾನ ಪಡೆದದ್ದೂ ನಿಜ. ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಮರುವರ್ಷ, 2017ರಲ್ಲಿ, ಅದೇ ಸ್ಪರ್ಧೆಗೆ ನಮ್ಮ ಟಿ-90 ಟ್ಯಾಂಕುಗಳು ಹೋಗಿದ್ದವು. ಓಡಬೇಕಿದ್ದ ಟ್ಯಾಂಕೂ ಕೆಟ್ಟು ನಿಂತಿತು, ಮೀಸಲಿಗೆ ಇಟ್ಟಿದ್ದ ಟ್ಯಾಂಕೂ ಕೆಟ್ಟಿತು. ಭಾರತ ಸ್ಪರ್ಧೆಯಿಂದ ಹೊರಬಿತ್ತು. ಯಂತ್ರ ಕೆಡುತ್ತದೆ. ಯಂತ್ರದ ಜೊತೆ ಬದುಕಿದವರಿಗೆ ಇದು ಗೊತ್ತು. ಕೆಟ್ಟ ಮೇಲೆ ಏನು ಮಾಡಿದರು ಅನ್ನುವುದೇ ಮುಖ್ಯ.

ನಾನು ಡೀಸೆಲ್ ಇಂಜಿನ್ ಮನುಷ್ಯ, ನಿಮಗೆಲ್ಲ ಗೊತ್ತು. ಜೀವನವೆಲ್ಲ ಕಳೆದದ್ದು ಟೆಸ್ಟ್ ಬೆಡ್ ಪಕ್ಕದಲ್ಲಿ, ಅಂದರೆ ಇಂಜಿನ್ ಕೂರಿಸಿ ಓಡಿಸಿ ಪರೀಕ್ಷಿಸುವ ಕಟ್ಟೆಯ ಪಕ್ಕದಲ್ಲಿ. ಟ್ಯಾಂಕ್ ಅಂದರೆ ಜನ ಗನ್ ನೋಡುತ್ತಾರೆ, ಕವಚ ನೋಡುತ್ತಾರೆ. ನನ್ನ ಕಣ್ಣು ಮೊದಲು ಹಿಂಭಾಗಕ್ಕೆ ಹೋಗುತ್ತದೆ, ಇಂಜಿನ್ ಇರುವ ಕಡೆ. ಚೀನಾ ಟ್ಯಾಂಕುಗಳ ಕಥೆಯನ್ನು ಇಂಜಿನ್ ಕಡೆಯಿಂದ ನೋಡಿದರೆ ನಗು ತಾನಾಗಿ ನಿಲ್ಲುತ್ತದೆ. ನನಗಂತೂ ಹೊಟ್ಟೆಕಿಚ್ಚಾಗುತ್ತದೆ. ಇದನ್ನು ಮುಚ್ಚಿಡುವುದಿಲ್ಲ.

1950ರ ದಶಕದ ಆರಂಭದಲ್ಲಿ ಚೀನಾ ಹತ್ತಿರ ಸ್ವಂತ ಟ್ಯಾಂಕ್ ಅಂತ ಒಂದೂ ಇರಲಿಲ್ಲ. ಜಪಾನಿನವರಿಂದ, ನಾಗರಿಕ ಯುದ್ಧದಲ್ಲಿ ಸೋತ ಚಿಯಾಂಗ್ ಕೈ-ಶೆಕ್ ಸೈನ್ಯದಿಂದ ಹಿಡಿದ ಹಳೇ ಟ್ಯಾಂಕುಗಳು, ಸೋವಿಯತ್ ಒಕ್ಕೂಟ ಕೊಟ್ಟ ಟಿ-34ಗಳು, ಅಷ್ಟೇ. ಆಮೇಲೆ ಸೋವಿಯತ್ ನೆರವಿನಿಂದ ಒಳ ಮಂಗೋಲಿಯಾದ ಬಾವೊಟೌ ಊರಿನಲ್ಲಿ 617ನೇ ಕಾರ್ಖಾನೆ ಎದ್ದಿತು. ಇಂಜಿನ್ ಮಾಡಲು ಶಾನ್ಶಿ ಪ್ರಾಂತ್ಯದ ದಾತೊಂಗ್‌ನಲ್ಲಿ 616ನೇ ಕಾರ್ಖಾನೆ. ಟಿ-54ಎ ಟ್ಯಾಂಕಿನ ನಕ್ಷೆ ಇಟ್ಟುಕೊಂಡು 1958ರಲ್ಲಿ ಕೆಲಸ ಶುರು ಮಾಡಿದರು. ಅದೇ ಟೈಪ್ 59. ಸುಮಾರು 36 ಟನ್ ತೂಕ, 100 ಮಿ.ಮೀ. ಗನ್, 520 ಎಚ್‌ಪಿ ಡೀಸೆಲ್ ಇಂಜಿನ್. 1959ರ ಅಕ್ಟೋಬರ್ 1ರಂದು, ಹೊಸ ಚೀನಾದ ಹತ್ತನೇ ವರ್ಷದ ಮೆರವಣಿಗೆಯಲ್ಲಿ, ಅದು ತಿಯಾನನ್ಮೆನ್ ಚೌಕದ ಮುಂದೆ ಸಾಗಿತು.

ಮರುವರ್ಷವೇ ಕೈಗೆ ಬಂದ ತುತ್ತು ಬಾಯಿಗೆ ಬರದ ಸ್ಥಿತಿ. ಚೀನಾದ ಮಾವೊ ಮತ್ತು ಸೋವಿಯತ್ ನಾಯಕ ಖ್ರುಶ್ಚೇವ್ ನಡುವೆ ಹಳಸಿತು. 1960ರ ಬೇಸಿಗೆಯಲ್ಲಿ ಸೋವಿಯತ್ ತಜ್ಞರೆಲ್ಲ ಗಂಟುಮೂಟೆ ಕಟ್ಟಿಕೊಂಡು ವಾಪಸ್ ಹೋದರು. ಒಂದು ಕಾರ್ಖಾನೆಯಲ್ಲಿ ಅದು ಹೇಗಿರುತ್ತದೆ ಅಂತ ಯೋಚಿಸಿ. ನಕ್ಷೆ ಇದೆ, ಆದರೆ ಯಾವ ಉಕ್ಕನ್ನು ಯಾವ ಬಿಸಿಯಲ್ಲಿ ಎಷ್ಟು ಹೊತ್ತು ಇಡಬೇಕು ಅಂತ ತೋರಿಸುವವನು ಇಲ್ಲ. ಕ್ರ್ಯಾಂಕ್‌ಶಾಫ್ಟ್ ಮುರಿದರೆ ಯಾಕೆ ಮುರಿಯಿತು ಅಂತ ಕೇಳಲು ಜನ ಇಲ್ಲ. ಆ ಕೆಲಸ ನಿಲ್ಲಲಿಲ್ಲ. ಟೈಪ್ 59 ಎಂಬತ್ತರ ದಶಕದವರೆಗೂ ತಯಾರಾಗುತ್ತಲೇ ಇತ್ತು. ಒಟ್ಟು ಒಂಬತ್ತು ಸಾವಿರಕ್ಕೂ ಜಾಸ್ತಿ ಅಂತ ಅಂದಾಜು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ನಮ್ಮ ಟಿ-72ರಲ್ಲಿರುವ 780 ಎಚ್‌ಪಿ ಇಂಜಿನ್, ಟಿ-90ರಲ್ಲಿರುವ 1000 ಎಚ್‌ಪಿ ಇಂಜಿನ್, ಚೀನಾದ ಆ 520 ಎಚ್‌ಪಿ ಇಂಜಿನ್, ಇವೆಲ್ಲ ಒಂದೇ ವಂಶ. ಉಕ್ರೇನಿನ ಖಾರ್ಕಿವ್‌ನಲ್ಲಿ 1930ರ ದಶಕದಲ್ಲಿ ಹುಟ್ಟಿದ ವಿ-2 ಡೀಸೆಲ್ ಇವೆಲ್ಲದರ ಮೂಲ. ವಿ ಆಕಾರದಲ್ಲಿ 12 ಸಿಲಿಂಡರ್, ಒಂದೊಂದೂ 150 ಮಿ.ಮೀ. ಅಗಲ. ಎರಡನೇ ಮಹಾಯುದ್ಧದ ಟಿ-34 ಓಡಿದ್ದೂ ಅದರಲ್ಲೇ. ಅಂದರೆ ನಮಗೂ ಅವರಿಗೂ ಸಿಕ್ಕಿದ್ದು ಒಂದೇ ಮೂಲ. ಅವರು ಅದನ್ನು ಏನು ಮಾಡಿದರು ನೋಡಿ. ಟೈಪ್ 69ಕ್ಕೆ 580 ಎಚ್‌ಪಿ. ಎಂಬತ್ತರ ದಶಕದ ಟೈಪ್ 88ಕ್ಕೆ ಟರ್ಬೊ (ಇಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಯಂತ್ರ) ಸೇರಿಸಿ 730 ಎಚ್‌ಪಿ. ನಿನ್ನೆಯ ಮೊಸರಿನಿಂದ ಇವತ್ತಿಗೆ ಹೆಪ್ಪು ಹಾಕಿದ ಹಾಗೆ, ಹಳೇ ಇಂಜಿನ್ನಿನಿಂದಲೇ ಹೊಸದನ್ನು ತೆಗೆದರು. ನಾವು ಮೊಸರಿನ ಪಾತ್ರೆಯನ್ನೇ ತೊಳೆದಿಟ್ಟೆವು.

ಕಾಪಿ ಹೊಡೆದರು, ಅದರಲ್ಲಿ ಏನು ದೊಡ್ಡಸ್ತಿಕೆ ಅಂತ ಕೇಳುವವರು ಇದ್ದೇ ಇರುತ್ತಾರೆ. ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಕಾಪಿ ಹೊಡೆಯುವುದು ಅಷ್ಟು ಸುಲಭ ಅಂದುಕೊಂಡವರು ಒಂದು ಫ್ಯುಯೆಲ್ ಇಂಜೆಕ್ಷನ್ ಪಂಪನ್ನು ಬಿಚ್ಚಿ, ಅಳತೆ ತೆಗೆದು, ಹೊಸದನ್ನು ಮಾಡಿ ತೋರಿಸಲಿ. ಅದರ ಪ್ಲಂಜರ್ ಮತ್ತು ಬ್ಯಾರೆಲ್ ನಡುವಿನ ಸಂದು ಕೆಲವೇ ಮೈಕ್ರಾನ್. ಅಳತೆ ಸಿಗುತ್ತದೆ, ಅಳತೆಯ ಹಿಂದಿನ ಬುದ್ಧಿ ಸಿಗುವುದಿಲ್ಲ. ಅದನ್ನು ಕೆಡಿಸಿ ಕೆಡಿಸಿಯೇ ಕಲಿಯಬೇಕು.

1969ರ ಕಥೆಯನ್ನೇ ತೆಗೆದುಕೊಳ್ಳಿ. ಚೀನಾ ಮತ್ತು ಸೋವಿಯತ್ ಗಡಿಯ ಉಸ್ಸುರಿ ನದಿಯ ನಡುವೆ ಝೆನ್‌ಬಾವೊ ಅಂತ ಒಂದು ಪುಟ್ಟ ದ್ವೀಪ. ಆ ಮಾರ್ಚ್‌ನಲ್ಲಿ ಅಲ್ಲಿ ಸೋವಿಯತ್ ಮತ್ತು ಚೀನಾ ಸೈನಿಕರು ಹೊಡೆದಾಡಿದರು. ಮಾರ್ಚ್ 15ರಂದು ಸೋವಿಯತ್ ಕಡೆಯಿಂದ ಹೊಚ್ಚ ಹೊಸ ಟಿ-62 ಟ್ಯಾಂಕುಗಳು ಹೆಪ್ಪುಗಟ್ಟಿದ ನದಿಯ ಮೇಲೆ ಬಂದವು. ಮುಂದಿದ್ದ ಟ್ಯಾಂಕಿಗೆ ಏಟು ಬಿದ್ದು ನಿಂತಿತು. ಅದರ ಸಂಖ್ಯೆ 545. ಅದು ಶತ್ರುವಿಗೆ ಸಿಗಬಾರದು ಅಂತ ಸೋವಿಯತ್ ಪಡೆ ಬಹಳ ಪ್ರಯತ್ನಪಟ್ಟಿತು, ಶೆಲ್ ಹೊಡೆದು ಮಂಜುಗಡ್ಡೆ ಒಡೆಯಿತು. ಟ್ಯಾಂಕ್ ನದಿಯಲ್ಲಿ ಮುಳುಗಿತು. ಚೀನಾದವರು ಆ ಕೊರೆಯುವ ನೀರಿಗೆ ಮುಳುಗುಗಾರರನ್ನು ಇಳಿಸಿ ಅದನ್ನು ಎಳೆದು ತೆಗೆದರು. ಅದು ಈಗಲೂ ಬೀಜಿಂಗ್‌ನ ಸೇನಾ ಮ್ಯೂಸಿಯಂನಲ್ಲಿ ನಿಂತಿದೆ. ನಿಲ್ಲಿಸುವ ಮೊದಲು ಅದನ್ನು ನಟ್ಟು ಬೋಲ್ಟಿನವರೆಗೂ ಬಿಚ್ಚಿ ನೋಡಿದರು. ಒಳಗೆ ಗೀರುಗಳಿಲ್ಲದ ನುಣುಪು ಕೊಳವೆಯ ಗನ್, ರಾತ್ರಿ ನೋಡುವ ಉಪಕರಣ, ಎಲ್ಲವನ್ನೂ ಅಭ್ಯಾಸ ಮಾಡಿದರು.

ಅಲ್ಲಿಂದ ಎಲ್ಲ ಸರಾಗ ಆಯಿತು ಅಂದುಕೊಳ್ಳಬೇಡಿ. 1970ರ ಸುಮಾರಿಗೆ 122 ಅನ್ನುವ ಯೋಜನೆಯಲ್ಲಿ ಇದ್ದಬದ್ದ ಹೊಸತನ್ನೆಲ್ಲ ಒಂದೇ ಟ್ಯಾಂಕಿಗೆ ತುಂಬಲು ಹೋಗಿ ಕೈ ಸುಟ್ಟುಕೊಂಡರು, ಅದನ್ನು ಬದಿಗಿಟ್ಟರು. 1979ರಲ್ಲಿ ವಿಯೆಟ್ನಾಂ ಮೇಲೆ ನುಗ್ಗಿದಾಗ ಅವರ ಟೈಪ್ 62 ಹಗುರ ಟ್ಯಾಂಕುಗಳು ಸಾಲುಸಾಲಾಗಿ ಹಾಳಾದವು. 21 ಟನ್ನಿನ ಟ್ಯಾಂಕ್, ತೆಳು ಕವಚ. ಹೆಗಲ ಮೇಲಿಟ್ಟು ಹೊಡೆಯುವ ಆರ್‌ಪಿಜಿಗೂ ತಡೆಯಲಿಲ್ಲ. ಎಂಬತ್ತರ ದಶಕದಲ್ಲಿ ಇರಾನ್ ಮತ್ತು ಇರಾಕ್ ಯುದ್ಧ ಮಾಡುತ್ತಿದ್ದಾಗ ಇಬ್ಬರಿಗೂ ಟ್ಯಾಂಕ್ ಮಾರಿದರು. ಆ ವ್ಯಾಪಾರ ನನಗೆ ಅಸಹ್ಯ. 1991ರ ಕೊಲ್ಲಿ ಯುದ್ಧದಲ್ಲಿ ಇರಾಕಿನ ಆ ಟೈಪ್ 69ಗಳು ಅಮೆರಿಕದ ಟ್ಯಾಂಕುಗಳ ಮುಂದೆ ಚಿಂದಿಯಾದವು. ನಮ್ಮ ರಾಜಸ್ಥಾನದ ಲೋಂಗೆವಾಲಾಕ್ಕೆ ಪ್ರವಾಸ ಹೋದವರು ಅಲ್ಲಿ ನಿಲ್ಲಿಸಿರುವ ಪಾಕಿಸ್ತಾನದ ಟಿ-59, ಅಂದರೆ ಟೈಪ್ 59, ನೋಡಿರುತ್ತೀರಿ. ಅದೂ ಬಾವೊಟೌ ಮಗನೇ. 1971ರ ಡಿಸೆಂಬರ್‌ನಲ್ಲಿ ನಮ್ಮ ಹಂಟರ್ ವಿಮಾನಗಳು ಅವನ್ನು ಮರಳಿನಲ್ಲಿ ಅಟ್ಟಾಡಿಸಿ ಹೊಡೆದವು.

ಹೀಗೆ ಸೋಲಿನ ಪಟ್ಟಿ ದೊಡ್ಡದೇ ಇದೆ. ನನ್ನ ತಂಗಿಯ ಮಗನಿಗೆ ಇಲ್ಲಿ ಬೇಕಾದಷ್ಟು ಸಾಮಾನು ಸಿಗುತ್ತದೆ. ಆದರೆ ಪ್ರತಿ ಸೋಲಿನ ಮುಂದಿನ ಸಾಲನ್ನೂ ಓದಬೇಕಲ್ವಾ? 100 ಮಿ.ಮೀ. ಗನ್ ಸಾಲದು ಅಂದಾಗ ಬ್ರಿಟನ್ನಿನ ಎಲ್7 ಮಾದರಿಯ 105 ಮಿ.ಮೀ. ಗನ್ ಹಾಕಿದರು. ಗುರಿ ಹಿಡಿಯುವ ವ್ಯವಸ್ಥೆಯನ್ನು ಬ್ರಿಟನ್ನಿನ ಮಾರ್ಕೋನಿ ಕಂಪನಿಯಿಂದ ತಂದರು. ಅಮೆರಿಕದ ಕಂಪನಿ ಜೊತೆ ಸೇರಿ ಹಳೇ ಟೈಪ್ 59ಕ್ಕೆ ಹೊಸ ರೂಪ ಕೊಡಲು ಹೊರಟರು.

ಅಷ್ಟರಲ್ಲಿ 1989 ಬಂತು, ತಿಯಾನನ್ಮೆನ್ ಚೌಕದಲ್ಲಿ ಪ್ರತಿಭಟಿಸಿದ ಜನರನ್ನು ಸೇನೆ ಹತ್ತಿಕ್ಕಿದ ವರ್ಷ. ಇದನ್ನು ಹಾರಿಸಿ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಜಗತ್ತು ಅತಿ ಹೆಚ್ಚು ನೋಡಿದ ಚೀನಾ ಟ್ಯಾಂಕ್ ಯುದ್ಧದ್ದಲ್ಲ. ಜೂನ್ 5ರಂದು ಬೀಜಿಂಗ್‌ನ ಛಾಂಗಾನ್ ರಸ್ತೆಯಲ್ಲಿ, ಕೈಯಲ್ಲಿ ಚೀಲ ಹಿಡಿದು ಒಬ್ಬನೇ ಅಡ್ಡ ನಿಂತ ಆ ಮನುಷ್ಯನ ಎದುರಿಗಿದ್ದದ್ದು ಟೈಪ್ 59ಗಳ ಸಾಲು. ಅವನು ಯಾರು, ಆಮೇಲೆ ಏನಾದ ಅಂತ ಹೊರಜಗತ್ತಿಗೆ ಇವತ್ತಿಗೂ ಗೊತ್ತಿಲ್ಲ. ತನ್ನ ಮಕ್ಕಳ ಮೇಲೇ ಟ್ಯಾಂಕ್ ಹರಿಸಿದ ಸರ್ಕಾರವನ್ನು ನಾನು ಹೊಗಳುತ್ತಿಲ್ಲ. ಆ ದಿನಗಳ ಚಿತ್ರ ನೋಡಿದರೆ ಈಗಲೂ ನನಗೆ ಹೊಟ್ಟೆ ತೊಳಸುತ್ತದೆ. ನಾನು ಮಾತಾಡುತ್ತಿರುವುದು ಕೆಲಸಗಾರರ ಬಗ್ಗೆ, ಕಾರ್ಖಾನೆಯ ಬಗ್ಗೆ. ಈ ವ್ಯತ್ಯಾಸ ಗೊತ್ತಾಗದವರು ದಯವಿಟ್ಟು ಕಾಮೆಂಟ್ ಹಾಕಬೇಡಿ.

ಆ ಹತ್ಯಾಕಾಂಡದ ನಂತರ ಪಶ್ಚಿಮ ದೇಶಗಳು ಶಸ್ತ್ರ ವ್ಯವಹಾರ ನಿಲ್ಲಿಸಿದವು. ಅಮೆರಿಕದ ಜೊತೆಗಿನ ಯೋಜನೆ ಅಲ್ಲಿಗೇ ಬಿತ್ತು. 1960ರ ನಂತರ ಎರಡನೇ ಸಲ ಬಾಗಿಲು ಮುಚ್ಚಿತು.

ಆದರೆ ಅಷ್ಟರಲ್ಲಿ ಒಬ್ಬ ಮುದುಕ ಕೆಲಸ ಶುರು ಮಾಡಿಯಾಗಿತ್ತು. ಹೆಸರು ಝು ಯುಶೆಂಗ್. 1918ರಲ್ಲಿ ಹುಟ್ಟಿದವರು. ನಾಗರಿಕ ಯುದ್ಧದ ಕಾಲದಲ್ಲಿ ಮಾರ್ಟರ್ ಸ್ಫೋಟದಲ್ಲಿ ಬಲಗೈ ಕಳೆದುಕೊಂಡರು. 1984ರಲ್ಲಿ, ಬೇರೆಯವರು ಪಿಂಚಣಿ ತೆಗೆದುಕೊಂಡು ಮನೆಯಲ್ಲಿ ಕೂರುವ ವಯಸ್ಸಿನಲ್ಲಿ, ಅವರನ್ನು ಮೂರನೇ ಪೀಳಿಗೆಯ ಟ್ಯಾಂಕಿನ ಮುಖ್ಯ ವಿನ್ಯಾಸಕರನ್ನಾಗಿ ಮಾಡಿದರು. ಆಗ ಅವರಿಗೆ 66. ಎಡಗೈಯಲ್ಲೇ ಬರೆಯುತ್ತಾ, ಗೆರೆ ಎಳೆಯುತ್ತಾ, ಪರೀಕ್ಷೆಯ ಮೈದಾನಕ್ಕೆ ತಾವೇ ಹೋಗುತ್ತಾ ಆ ಟ್ಯಾಂಕನ್ನು ಮುಗಿಸಿದರು. 1999ರ ಅಕ್ಟೋಬರ್ 1ರ ಮೆರವಣಿಗೆಯಲ್ಲಿ ಅದು ಹೊರಬಂದಾಗ ಅವರಿಗೆ ಎಂಬತ್ತು ದಾಟಿತ್ತು. ಅದೇ ಇವತ್ತಿನ ಟೈಪ್ 99. 125 ಮಿ.ಮೀ. ಗನ್, ತಾನೇ ಗುಂಡು ತುಂಬಿಕೊಳ್ಳುವ ಯಂತ್ರ, ಒಳಗೆ ಮೂರೇ ಜನ. 2014ರಲ್ಲಿ ಅವರು ತೀರಿಹೋದರು. ನಮ್ಮಲ್ಲಿ ಎಷ್ಟು ಜನ ಇವರ ಹೆಸರು ಕೇಳಿದ್ದಾರೆ? ಶತ್ರು ದೇಶದವನಾದರೂ ಆ ಮನುಷ್ಯನ ಮುಂದೆ ನಾನು ಎದ್ದು ನಿಲ್ಲುತ್ತೇನೆ.

ಆ ಟ್ಯಾಂಕಿಗೆ ಹಳೇ ವಂಶದ ಇಂಜಿನ್ ಸಾಲುತ್ತಿರಲಿಲ್ಲ. 50 ಟನ್ ದಾಟಿದ ಟ್ಯಾಂಕ್ ಎಳೆಯಲು ಹೊಸದೇ ಬೇಕಿತ್ತು. 1200 ಎಚ್‌ಪಿ ಇಂಜಿನ್ ಮಾಡಿದರು. ಜರ್ಮನ್ ಇಂಜಿನ್ ನೋಡಿ ಕಲಿತರು ಅಂತ ಬಹಳ ಜನ ಹೇಳುತ್ತಾರೆ. ಕಲಿತಿರಲಿ. ಆಮೇಲೆ ಟೈಪ್ 99ಎಗೆ 1500 ಎಚ್‌ಪಿ. ಸುಮಾರು 55 ಟನ್ನಿನ ಟ್ಯಾಂಕಿಗೆ ಅದು ಜರ್ಮನಿಯ ಲೆಪರ್ಡ್, ಅಮೆರಿಕದ ಅಬ್ರಾಮ್ಸ್ ಮಟ್ಟದ ಶಕ್ತಿ.

ಇದು ಒಂದೇ ದಿನದಲ್ಲಿ ಆದದ್ದಲ್ಲ ಅನ್ನುವುದಕ್ಕೆ ಪಾಕಿಸ್ತಾನವೇ ಸಾಕ್ಷಿ. ಚೀನಾ ಜೊತೆ ಸೇರಿ ಪಾಕಿಸ್ತಾನ ತಕ್ಷಶಿಲೆಯಲ್ಲಿ ಅಲ್-ಖಾಲಿದ್ ಟ್ಯಾಂಕ್ ಮಾಡಿತು. 2001ರಲ್ಲಿ ಅದು ಸೇನೆಗೆ ಸೇರಿತು. ಮೈಯೆಲ್ಲ ಚೀನಾದ್ದು, ಇಂಜಿನ್ ಮಾತ್ರ ಉಕ್ರೇನಿನದು. ಮಾರುವ ಟ್ಯಾಂಕಿಗೆ ಹಾಕುವಂಥ ಇಂಜಿನ್ ಆಗ ಚೀನಾ ಹತ್ತಿರ ಇರಲಿಲ್ಲ. ಆಮೇಲೆ ಹೊರದೇಶಕ್ಕೆ ಮಾರಲು ಚೀನಾ ಮಾಡಿದ ವಿಟಿ-4 ನೋಡಿ. ಅದರೊಳಗಿನ 1200 ಎಚ್‌ಪಿ ಇಂಜಿನ್ ಅವರದ್ದೇ. ಥಾಯ್ಲೆಂಡ್ ಉಕ್ರೇನಿನಿಂದ ಟ್ಯಾಂಕ್ ತರಿಸುತ್ತಿತ್ತು, ಅವು ಸಮಯಕ್ಕೆ ಬರಲಿಲ್ಲ. 2016ರಲ್ಲಿ ವಿಟಿ-4ಗೆ ಆರ್ಡರ್ ಕೊಟ್ಟಿತು. ಉಕ್ರೇನಿನ ಇಂಜಿನ್ ಹಾಕಿಕೊಂಡು ಮಾರುತ್ತಿದ್ದವರು ಉಕ್ರೇನಿನ ಗಿರಾಕಿಯನ್ನೇ ತಮ್ಮ ಕಡೆ ಎಳೆದುಕೊಂಡರು.

ಈಗ ನಮ್ಮ ಕಡೆ ಬರೋಣ. ನನ್ನ ಸಿಟ್ಟೆಲ್ಲ ಇರುವುದು ಇಲ್ಲೇ. 1965ರಲ್ಲಿ ಚೆನ್ನೈ ಹತ್ತಿರದ ಆವಡಿಯಲ್ಲಿ ನಾವು ವಿಜಯಂತ ಟ್ಯಾಂಕ್ ಮಾಡಲು ಶುರು ಮಾಡಿದೆವು. ಬ್ರಿಟನ್ನಿನ ವಿಕರ್ಸ್ ವಿನ್ಯಾಸ. ಅದರ ಗನ್ 105 ಮಿ.ಮೀ., ಅದೇ ಎಲ್7! ಚೀನಾ ಆ ಗನ್ನಿಗೆ ಬಂದದ್ದು ಎಪ್ಪತ್ತರ ದಶಕದ ಕೊನೆಗೆ. ಅಂದರೆ ಹತ್ತು ವರ್ಷಕ್ಕೂ ಜಾಸ್ತಿ ನಾವು ಮುಂದಿದ್ದೆವು. ಸುಮಾರು ಎರಡು ಸಾವಿರ ವಿಜಯಂತ ಮಾಡಿದೆವು. ಅದರ ಇಂಜಿನ್ ತೊಂದರೆ ಕೊಡುತ್ತಿತ್ತು, ಸರಿ. ಆದರೆ ಅದರ ಮುಂದಿನ ಹೆಜ್ಜೆ ಎಲ್ಲಿ? ಅದರಿಂದ ಹುಟ್ಟಿದ ಎರಡನೇ ಟ್ಯಾಂಕ್ ಎಲ್ಲಿ, ಮೂರನೆಯದು ಎಲ್ಲಿ? ನಮ್ಮದೇ ವಿನ್ಯಾಸದ ಅರ್ಜುನ್ ಟ್ಯಾಂಕಿಗೆ 1974ರಲ್ಲಿ ಒಪ್ಪಿಗೆ ಸಿಕ್ಕಿತು. ಸೇನೆಗೆ ಸೇರಿದ್ದು 2004ರಲ್ಲಿ. ಅದೂ 124 ಮಾತ್ರ. ನಡುವೆ ರಷ್ಯಾದ ಟಿ-72, ಆಮೇಲೆ ಟಿ-90. ಅರ್ಜುನ್ ಒಳಗಿನ ಇಂಜಿನ್ ಜರ್ಮನಿಯದು. 2021ರಲ್ಲಿ 118 ಹೊಸ ಅರ್ಜುನ್‌ಗೆ ಆರ್ಡರ್ ಆಯಿತು, ಇಂಜಿನ್‌ಗೆ ಮತ್ತೆ ಜರ್ಮನಿ ಕಡೆ ಮುಖ. 2025ರಲ್ಲಿ ಟಿ-72ಗಳಿಗೆ 1000 ಎಚ್‌ಪಿ ಇಂಜಿನ್ ಬೇಕು ಅಂತ ರಷ್ಯಾ ಜೊತೆ 24.8 ಕೋಟಿ ಡಾಲರ್ ಒಪ್ಪಂದ. ಅದೇ 150 ಮಿ.ಮೀ. ಸಿಲಿಂಡರಿನ ವಂಶ, ಇಷ್ಟು ವರ್ಷ ನಮ್ಮ ಕೈಯಲ್ಲೇ ಇದ್ದದ್ದು. ಇದನ್ನು ಬರೆಯುವಾಗ ನನ್ನ ಕೈ ನಡುಗುತ್ತಿದೆ.

ಟ್ಯಾಂಕ್ ಯುಗವೇ ಮುಗಿಯಿತು, ಡ್ರೋನ್ ಬಂದಿದೆ, ಇನ್ನೂ ಯಾಕೆ ಈ ಮಾತು ಅಂತ ಒಬ್ಬ ಗೆಳೆಯ ಕೇಳಿದ. ಉಕ್ರೇನ್ ಯುದ್ಧದಲ್ಲಿ ಡ್ರೋನಿಗೆ ಟ್ಯಾಂಕುಗಳು ಬಲಿಯಾಗುತ್ತಿರುವುದು ನನಗೂ ಕಾಣುತ್ತದೆ. ಹಾಗಂತ ಚೀನಾ ಸುಮ್ನೆ ಕೂತಿದೆಯಾ? 2025ರ ಸೆಪ್ಟೆಂಬರ್ 3ರ ಮೆರವಣಿಗೆಯಲ್ಲಿ ಹೊಸ ಟೈಪ್ 100 ಬಂತು. ಗನ್ ಕೂತಿರುವ ಗೋಪುರದೊಳಗೆ ಮನುಷ್ಯರೇ ಇಲ್ಲ, ಸಿಬ್ಬಂದಿ ಕೆಳಗೆ ಕೂರುತ್ತಾರೆ. ಬರುವ ಕ್ಷಿಪಣಿಯನ್ನು ಹೊಡೆಯಲು ಸುತ್ತಲೂ ರಾಡಾರ್. ಟ್ಯಾಂಕ್ ಬೇಡ ಅನ್ನುವವರು ಇದನ್ನು ಮಾಡುವುದಿಲ್ಲ. ಈ ಚರ್ಚೆ ನನಗೆ ಇಷ್ಟೇ ಸಾಕು.

ನನಗೆ ನಿಜವಾಗಿ ಹೆದರಿಕೆ ಇರುವುದು ಇನ್ನೊಂದು ಟ್ಯಾಂಕ್ ಬಗ್ಗೆ. ಟೈಪ್ 15. ವಿಯೆಟ್ನಾಂನಲ್ಲಿ ಚಿಂದಿಯಾದ ಟೈಪ್ 62ರ ಜಾಗಕ್ಕೆ ಬಂದದ್ದು. ಸೋಲಿನಿಂದ ಹೆದರಿ ಹಗುರ ಟ್ಯಾಂಕನ್ನೇ ಬಿಡಲಿಲ್ಲ, ಅದನ್ನು ಮತ್ತೆ ಮೊದಲಿಂದ ಮಾಡಿದರು. ಸುಮಾರು 33 ಟನ್ ತೂಕ, 105 ಮಿ.ಮೀ. ಗನ್, 1000 ಎಚ್‌ಪಿ ಇಂಜಿನ್. ಸೇನೆಗೆ ಸೇರಿದೆ ಅಂತ 2018ರ ಕೊನೆಗೆ ಒಪ್ಪಿಕೊಂಡರು. ಇದು ಯಾವ ಜಾಗಕ್ಕೆ ಅಂತ ಕೇಳಬೇಕಾಗಿಲ್ಲ, ಟಿಬೆಟ್ ಇದೆಯಲ್ಲ.

ಇಂಜಿನ್ ಮನುಷ್ಯನಾಗಿ ಹೇಳುತ್ತೇನೆ. 4,500 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟದ ಮೂರರಲ್ಲಿ ಎರಡು ಪಾಲಿಗಿಂತಲೂ ಕಡಿಮೆ. ಗಾಳಿ ಕಡಿಮೆ ಅಂದರೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಕಪ್ಪು ಹೊಗೆ ಬರುತ್ತದೆ, ಶಕ್ತಿ ಬೀಳುತ್ತದೆ. ಚಳಿಗೆ ಎಣ್ಣೆ ಗಟ್ಟಿಯಾಗುತ್ತದೆ, ಬೆಳಿಗ್ಗೆ ಸ್ಟಾರ್ಟ್ ಆಗುವುದೇ ಕಷ್ಟ. ಅಲ್ಲಿ ಟನ್ನಿಗೆ ಎಷ್ಟು ಎಚ್‌ಪಿ ಅನ್ನುವುದೇ ಜೀವ. ಟೈಪ್ 15ಕ್ಕೆ ಟನ್ನಿಗೆ ಸುಮಾರು 30 ಎಚ್‌ಪಿ. ನಮ್ಮ ಟಿ-90ಗೆ 21 ಚಿಲ್ಲರೆ. ಟಿ-72ಕ್ಕೆ 19ರ ಆಸುಪಾಸು. 2020ರ ಆಗಸ್ಟ್ ಕೊನೆಗೆ, ಲಡಾಖ್‌ನಲ್ಲಿ ಚೀನಾ ಸೇನೆಯ ಎದುರು, ಕೈಲಾಸ ಶ್ರೇಣಿಯ ಮೇಲೆ, ರೆಚಿನ್ ಲಾ, ರೆಝಾಂಗ್ ಲಾ ಹತ್ತಿರ, ನಮ್ಮ ಹುಡುಗರು ಇವೇ ಟ್ಯಾಂಕುಗಳನ್ನು ಹತ್ತಿಸಿ ನಿಲ್ಲಿಸಿದರು. 2021ರ ಫೆಬ್ರವರಿಯವರೆಗೆ, ಇಡೀ ಚಳಿಗಾಲ, ಆ ಇಂಜಿನ್‌ಗಳನ್ನು ಆರದಂತೆ ನೋಡಿಕೊಂಡ ಮೆಕ್ಯಾನಿಕ್‌ಗಳನ್ನು ನೆನೆದರೆ ನನಗೆ ಕಣ್ಣು ತುಂಬುತ್ತದೆ. ಅವರ ಹೆಸರು ಯಾವ ಪೇಪರಿನಲ್ಲೂ ಬರಲಿಲ್ಲ.

ಎತ್ತರದಲ್ಲಿ ಹಗುರ ಟ್ಯಾಂಕ್ ಏನು ಮಾಡಬಲ್ಲದು ಅಂತ ಜಗತ್ತಿಗೆ ತೋರಿಸಿದ್ದೇ ನಾವು. 1948ರ ನವೆಂಬರ್ 1, ಕಾಶ್ಮೀರದಿಂದ ಲಡಾಖ್‌ಗೆ ಹೋಗುವ ಕಣಿವೆ ದಾರಿ ಝೋಜಿ ಲಾ. 11,000 ಅಡಿಗೂ ಮೇಲೆ ಸ್ಟುವರ್ಟ್ ಟ್ಯಾಂಕುಗಳನ್ನು ಗುಟ್ಟಾಗಿ ಏರಿಸಿ ನುಗ್ಗಿಸಿದವರು ನಮ್ಮ ಕೊಡಗಿನ ತಿಮ್ಮಯ್ಯ. ಅಷ್ಟು ಎತ್ತರದಲ್ಲಿ ಟ್ಯಾಂಕ್ ಬರಬಹುದು ಅಂತ ಎದುರಾಳಿ ಕನಸಲ್ಲೂ ಎಣಿಸಿರಲಿಲ್ಲ. ಅಂಥ ದೇಶ ಸ್ವಂತ ಹಗುರ ಟ್ಯಾಂಕ್ ಹೊರತೆಗೆದದ್ದು 2024ರ ಜುಲೈನಲ್ಲಿ. ಹೆಸರು ಝೊರಾವರ್, 25 ಟನ್. ವರ್ಷದ ಕೊನೆಗೆ 4,200 ಮೀಟರ್ ಎತ್ತರದಲ್ಲಿ ಗುಂಡು ಹಾರಿಸಿ ಪರೀಕ್ಷೆ ಮಾಡಿದರು. ಸಂತೋಷ, ತುಂಬಾ ಸಂತೋಷ. ಅದರೊಳಗಿನ ಇಂಜಿನ್? ಅಮೆರಿಕದ ಕಮಿನ್ಸ್ ಕಂಪನಿಯದು.

ಆದರೂ ಒಂದು ಸುದ್ದಿ ನನ್ನನ್ನು ಹಿಡಿದು ನಿಲ್ಲಿಸಿದೆ. 2024ರ ಮಾರ್ಚ್ 20ರಂದು ನಮ್ಮ ಮೈಸೂರಿನ ಬಿಇಎಂಎಲ್ ಇಂಜಿನ್ ವಿಭಾಗದಲ್ಲಿ ದೇಶದ ಮೊದಲ ಸ್ವಂತ 1500 ಎಚ್‌ಪಿ ಟ್ಯಾಂಕ್ ಇಂಜಿನ್ ಟೆಸ್ಟ್ ಬೆಡ್ ಮೇಲೆ ಮೊದಲ ಸಲ ಉರಿಯಿತು, ಅಂದರೆ ಸ್ಟಾರ್ಟ್ ಆಯಿತು. ಆ ಸುದ್ದಿ ಓದಿದ ದಿನ ನಾನು ಊಟ ಬಿಟ್ಟು ಸಿಕ್ಕವರಿಗೆಲ್ಲ ಫೋನ್ ಮಾಡಿದ್ದೆ. ಇಂಜಿನ್ ಮೊದಲ ಸಲ ಉರಿಯುವ ಸದ್ದು ಹೇಗಿರುತ್ತದೆ ಅಂತ ಕೇಳಿದವರಿಗೆ ಗೊತ್ತು. ಆ ದಿನ ನಮ್ಮ ಮನೆಯ ಗುಂಪಿನಲ್ಲಿ ಯಾರೂ ಅದನ್ನು ಹಂಚಲಿಲ್ಲ. ನಾನೇ ಹಾಕಿದೆ. ಒಬ್ಬರೂ ಉತ್ತರಿಸಲಿಲ್ಲ. ಬೇರೆಯವರ ಚಕ್ರ ಉರುಳಿದ್ದಕ್ಕೆ ಸಿಗುವ ಗಮನ ನಮ್ಮ ಇಂಜಿನ್ ಉರಿದದ್ದಕ್ಕೆ ಸಿಗುವುದಿಲ್ಲ. ನನ್ನ ಸಂಕಟ ಇದೇ.

ಟೆಸ್ಟ್ ಬೆಡ್ ಮೇಲೆ ಉರಿದ ಇಂಜಿನ್ ಇನ್ನೂ ಟ್ಯಾಂಕ್ ಇಂಜಿನ್ ಆಗಿಲ್ಲ. ಅದನ್ನು ಒಂದು ಟ್ಯಾಂಕಿನೊಳಗೆ ಇಳಿಸಬೇಕು. ರಾಜಸ್ಥಾನದ ಧೂಳಿನಲ್ಲಿ ಓಡಿಸಬೇಕು, ಲಡಾಖ್‌ನ ಚಳಿಯಲ್ಲಿ ರಾತ್ರಿಯಿಡೀ ನಿಲ್ಲಿಸಿ ಬೆಳಿಗ್ಗೆ ಸ್ಟಾರ್ಟ್ ಮಾಡಬೇಕು. ಗ್ಯಾಸ್ಕೆಟ್ ಹೋಗುತ್ತದೆ, ಟರ್ಬೊ ಒಡೆಯುತ್ತದೆ, ಎಣ್ಣೆ ಸೋರುತ್ತದೆ. ಆಗ ಯೋಜನೆ ಮುಚ್ಚುವುದು ಬೇಡ, ವಿದೇಶಿ ಇಂಜಿನ್‌ಗೆ ಟೆಂಡರ್ ಕರೆಯುವುದೂ ಬೇಡ. ಒಡೆದ ಭಾಗ ಬದಲಿಸಿ ಮತ್ತೆ ಓಡಿಸಲಿ. ಸೇನೆ ಮೊದಲ ನೂರು ಇಂಜಿನ್‌ಗೆ ಆರ್ಡರ್ ಕೊಡಲಿ, ಅವುಗಳಲ್ಲಿ ತಪ್ಪು ಇದ್ದರೂ ತೆಗೆದುಕೊಳ್ಳಲಿ. ಎರಡನೇ ನೂರರಲ್ಲಿ ಆ ತಪ್ಪುಗಳನ್ನು ತಿದ್ದಲು ಕಾರ್ಖಾನೆಗೆ ಹಣವೂ ಸಮಯವೂ ಸಿಗಲಿ. ಸಂಸದರ ಪರಿಚಯ ಇರುವವರು, ಸೇನೆಯಲ್ಲಿ ಅಧಿಕಾರಿಗಳಾಗಿರುವ ಗೆಳೆಯರು ಈ ಬರಹ ಓದುತ್ತಿದ್ದರೆ ಇದೊಂದನ್ನು ಅವರ ಕಿವಿಗೆ ಹಾಕಿ. ಮೈಸೂರಿನ ಆ ಇಂಜಿನ್ ಈಗ ಯಾವ ಟ್ಯಾಂಕಿನೊಳಗೆ ಹೋಗುತ್ತದೆ, ಯಾವಾಗ ಹೋಗುತ್ತದೆ ಅಂತ ಕೇಳಿ. ಉತ್ತರ ಸಿಗುವವರೆಗೂ ಕೇಳುತ್ತಲೇ ಇರಿ.